ಬ್ಯಾಂಜೋದವನ ಮೇಲೆ ಜಗಳಕ್ಕೆ ಹೋದೆ

ಗೆಳೆಯರೇ, ಇವತ್ತು ಲಂಡನ್ನಿನ ವೆಂಬ್ಲಿಯ ಪಬ್ ಒಂದರಲ್ಲಿ ನನ್ನ ಮಾನ ಹೋಯಿತು. ಅಲ್ಲಿ ಭಾನುವಾರ ಮಧ್ಯಾಹ್ನ ಬ್ಲೂಗ್ರಾಸ್ ಎಂಬ ಅಮೆರಿಕದ ಹಳ್ಳಿಗಾಡಿನ ಸಂಗೀತ ನುಡಿಸುವವರು ಸೇರುತ್ತಾರೆ. ಬ್ಯಾಂಜೋ, ಗಿಟಾರು, ಮ್ಯಾಂಡೊಲಿನ್ ಹಿಡಿದು ದುಂಡಗೆ ಕೂತು, ಪ್ರತಿ ಹಾಡಿನ ನಡುವೆ ಒಬ್ಬೊಬ್ಬರಾಗಿ ತಮ್ಮ ಕೈಚಳಕ ತೋರಿಸುವುದು ಪದ್ಧತಿ. ತಿಂಗಳುಗಟ್ಟಲೆ ಅಭ್ಯಾಸ ಮಾಡಿ ನಾನೂ ಪಿಟೀಲು ಹಿಡಿದು ಹೆಂಡತಿಯೊಂದಿಗೆ ಹೋಗಿದ್ದೆ.

ಸರದಿ ಕೊಡುತ್ತಿದ್ದವನು ಬ್ಯಾಂಜೋ ನುಡಿಸುವ ಮುದುಕ. ಪ್ರತಿ ಸಲವೂ ನನ್ನ ಮುಖ ನೋಡುತ್ತಿದ್ದ, ನನ್ನನ್ನು ಬಿಟ್ಟು ಪಕ್ಕದವಳಿಗೆ ಕೊಡುತ್ತಿದ್ದ. ನನ್ನ ಮೈಯೆಲ್ಲ ಉರಿಯಿತು. ಎದ್ದು ನಿಂತೆ. ಹೆಂಡತಿ ಹಿಂದಿನಿಂದ ಕೋಟು ಜಗ್ಗಿ, "ಸುಮ್ನ ಕೂಡ್ರಿ, ಮಂದಿ ನೋಡ್ಲಿಕತ್ತಾರ" ಅಂದಳು. ಕೂಡಲಿಲ್ಲ.

"ನನ್ನ ಮೈಬಣ್ಣ ನಿಮಗೆ ಅಡ್ಡ ಬಂತೇನು?" ಎಂದು ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟೆ. ಮುದುಕನ ಮುಖ ಕೆಂಪೇರಿತು.

"ಪ್ರತಿ ಸಲ ನಿನ್ನನ್ನೇ ಮೊದಲು ಕೇಳಿದೆ. ನೀನೇ ಬೇಡ ಅಂತ ತಲೆ ಅಲ್ಲಾಡಿಸಿದೆ!"

ಇವರು ಕಣ್ಣಲ್ಲೇ ಕೇಳುತ್ತಾರಂತೆ; ತಲೆ ಅಲ್ಲಾಡಿಸಿದರೆ ಸರದಿ ಬೇಡ ಎಂದರ್ಥವಂತೆ. ನಾನೋ, ಅವನ ಬ್ಯಾಂಜೋಗೆ ಮನಸೋತು ತಲೆದೂಗುತ್ತಿದ್ದೆ!

ಸಾರಿ ಅಂದೆ. ಮುದುಕ ನಗಲಿಲ್ಲ. ಮುಂದಿನ ಹಾಡಿಗೆ ಕತ್ತನ್ನು ಕೊರಡಿನಂತೆ ಬಿಗಿಹಿಡಿದು ಕೂತೆ. ಸರದಿ ಬಂತು, ನುಡಿಸಿದೆ.

ಟ್ಯೂಬ್ ರೈಲಿನಲ್ಲಿ ಮನೆಗೆ ಬರುವಾಗ ಹೆಂಡತಿ ಹೇಳಿದಳು: "ನಮ್ಮ ಧಾರವಾಡದಾಗ ನೀವು ಹಂಗ ಕತ್ತು ಬಿಗಿಹಿಡಿದು ಕೂತಿದ್ರ, ಹಾಡಾಂವ ತಂಬೂರಿ ಎತ್ತಿಕೊಂಡು ಎದ್ದು ಹೋಗ್ತಿದ್ದ."