ಗಾಳಿಗುಳ್ಳೆ ಇಲ್ಲದ ಹೃದಯ

ಬೆಳಕು ಇನ್ನೂ ಕಿಟಕಿಯ ಗಾಜಿಗೆ ತಾಗಿಲ್ಲ. ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಕಟ್ಟಡದ ನೆಲಮಹಡಿಯಲ್ಲಿ ಒಂದೇ ಒಂದು ಕೋಣೆಯ ದೀಪ ಉರಿಯುತ್ತಿದೆ. ಐವತ್ತು ದಾಟಿದ ಹೆಂಗಸೊಬ್ಬರು ಜೇನಿನಷ್ಟು ಮಂದವಾದ ಸಿಲಿಕೋನ್ ದ್ರವವನ್ನು ಕದಡುತ್ತಿದ್ದಾರೆ. ಕದಡಿದ್ದನ್ನು ಗಾಳಿ ಹೀರುವ ಪೆಟ್ಟಿಗೆಯೊಳಗಿಟ್ಟು ಗುಂಡಿ ಒತ್ತುತ್ತಾರೆ. ದ್ರವ ಒಲೆಯ ಮೇಲಿನ ಹಾಲಿನಂತೆ ಉಕ್ಕಿ, ಗುಳ್ಳೆ ಗುಳ್ಳೆಯಾಗಿ, ಆಮೇಲೆ ಸೋತು ಕೆಳಗಿಳಿಯುತ್ತದೆ. ಅದು ಇಳಿಯುವವರೆಗೂ ಅವರು ಕೂರುವುದಿಲ್ಲ.

"ಕೂತ್ರೆ ಮತ್ತೆ ಏಳಕ್ಕಾಗಲ್ಲ, ಅದಕ್ಕೇ," ಎನ್ನುತ್ತಾರೆ.

ವಿದ್ಯಾರ್ಥಿಗಳ ಬಾಯಲ್ಲಿ ಅವರು ಎರಕದಕ್ಕ. ಆಸ್ಪತ್ರೆಯಿಂದ ರೋಗಿಯ ಹೃದಯದ ಸ್ಕ್ಯಾನ್ ಬರುತ್ತದೆ. ಇಲ್ಲಿನ ಯಂತ್ರ ಆ ಹೃದಯದ ಒಳಗಿನ ಟೊಳ್ಳಿನ ಆಕಾರವನ್ನು ನೀರಲ್ಲಿ ಕರಗುವ ಪ್ಲಾಸ್ಟಿಕ್ಕಿನಲ್ಲಿ ಮಾಡಿಕೊಡುತ್ತದೆ. ಅದರ ಸುತ್ತ ಎರಕದಕ್ಕ ಸಿಲಿಕೋನ್ ಹೊಯ್ಯುತ್ತಾರೆ. ಗಟ್ಟಿಯಾದ ಮೇಲೆ ಬೆಚ್ಚನೆಯ ನೀರಿಗಿಟ್ಟರೆ ಒಳಗಿನ ಪ್ಲಾಸ್ಟಿಕ್ ಕರಗಿ, ಗಾಜಿನಂತೆ ತಿಳಿಯಾದ, ರಬ್ಬರಿನಂತೆ ಮೆತ್ತಗಿನ ಹೃದಯ ಉಳಿಯುತ್ತದೆ. ಸಂಶೋಧಕರು ಅದರಲ್ಲಿ ಕೆಂಪು ನೀರು ಹರಿಸಿ, ರಕ್ತ ಎಲ್ಲಿ ಸುಳಿಯುತ್ತದೆ, ಎಲ್ಲಿ ತಡೆದು ನಿಲ್ಲುತ್ತದೆ ಎಂದು ನೋಡುತ್ತಾರೆ. ನಡುವೆ ಒಂದು ಗಾಳಿಗುಳ್ಳೆ ಉಳಿದರೂ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ತಂಪು ಹೊತ್ತಿನಲ್ಲಿ ಸಿಲಿಕೋನ್ ನಿಧಾನಕ್ಕೆ ಗಟ್ಟಿಯಾಗುತ್ತದೆ, ಗುಳ್ಳೆಗಳಿಗೆ ಮೇಲೇಳಲು ಪುರುಸೊತ್ತು ಸಿಗುತ್ತದೆ. ಹೊತ್ತೇರಿದರೆ ಮುಗಿಯಿತು. ಎಡಗಡೆಯ ಕೋಣೆಯಲ್ಲಿ ಲೋಹದಿಂದ ನೀರಿಗೆ ಶಾಖ ಹೇಗೆ ದಾಟುತ್ತದೆಂಬ ಪರೀಕ್ಷೆ. ಬಲಗಡೆ ಬಿಸಿ ಕಪಾಟುಗಳಲ್ಲಿ ಬ್ಯಾಟರಿಗಳಿಗೆ ತಿಂಗಳುಗಟ್ಟಲೆ ಚಾರ್ಜು ತುಂಬಿಸಿ ಇಳಿಸುವ ಪರೀಕ್ಷೆ. "ಆ ಕಡೆ ತಾಮ್ರ ಕಾಯಿಸೋರು, ಈ ಕಡೆ ಬ್ಯಾಟರಿ ಕಾಯಿಸೋರು, ನಡುವೆ ಬೇಯೋಳು ನಾನು."

ಮೊದಲು ಅವರು ಗೊಂಬೆ ಕಾರ್ಖಾನೆಯಲ್ಲಿ ಅಚ್ಚಿನ ಕೆಲಸಕ್ಕಿದ್ದರು. ಕಾರ್ಖಾನೆಗೆ ಬೀಗ ಬಿದ್ದಾಗ ಇಲ್ಲಿಗೆ ಬಂದರು, ತಾತ್ಕಾಲಿಕವಾಗಿ. ಆ ತಾತ್ಕಾಲಿಕಕ್ಕೆ ಈಗ ಹನ್ನೊಂದು ವರ್ಷ. ಗಂಡ ಗೋದಾಮಿನ ರಾತ್ರಿ ಕಾವಲುಗಾರ. ಅವರು ಮನೆಗೆ ಬರುವ ಹೊತ್ತಿಗೆ ಇವರು ಚಪ್ಪಲಿ ಮೆಟ್ಟುತ್ತಿರುತ್ತಾರೆ. "ನಮ್ಮದು ಹೊಸ್ತಿಲ ಮೇಲಿನ ಸಂಸಾರ," ಎಂದು ನಗುತ್ತಾರೆ. ಆ ನಗುವಿಗೂ ಸುಸ್ತು. ಜೊತೆಗಿರುವ ನಾದಿನಿಯ ಮಾತು ಇನ್ನೂ ಖಾರ: "ಊರಿಗೆಲ್ಲ ಹೃದಯ ಮಾಡಿಕೊಡ್ತಾಳೆ ನಮ್ಮತ್ತಿಗೆ. ಭಾನುವಾರ ಒಂದಿನ ಮನೇಲಿರು ಅಂದ್ರೆ ಮಾತ್ರ ಅವಳಿಗೆ ಹೃದಯಾನೇ ಇಲ್ಲ."

ಸಂಶೋಧನಾ ಪ್ರಬಂಧಗಳಲ್ಲಿ 'ಮಾದರಿಯನ್ನು ತಯಾರಿಸಲಾಯಿತು' ಎಂದು ಅಚ್ಚಾಗುತ್ತದೆ. ಯಾರು ತಯಾರಿಸಿದರು ಎಂದು ಕೇಳಿದವರಿಲ್ಲ. ಅದರ ಬಗ್ಗೆ ಎರಕದಕ್ಕನಿಗೆ ದೂರೂ ಇಲ್ಲ. ಅವರನ್ನು ಕೊರೆಯುತ್ತಿರುವುದೇ ಬೇರೆ.

ಹೋದ ವರ್ಷ ಒಂದು ಮಗುವಿನ ಹೃದಯ ಬಂತು, ನಿಂಬೆಹಣ್ಣಿನ ಗಾತ್ರದ್ದು. ಒಳಗೋಡೆಯಲ್ಲಿ ತೂತು, ನಾಳಗಳೂ ಅದಲುಬದಲು. ಆಪರೇಷನ್‌ಗೆ ಮೊದಲು ಮಾದರಿಯ ಮೇಲೆ ಕೈ ಪಳಗಿಸಿಕೊಳ್ಳಬೇಕೆಂದು ಶಸ್ತ್ರವೈದ್ಯೆ ಆತುರದಲ್ಲಿದ್ದರು. ಮೊದಲ ಎರಕದಲ್ಲಿ ಆ ತೂತಿನ ಪಕ್ಕದಲ್ಲೇ ಗುಳ್ಳೆ ಕೂತಿತು. ಎರಡನೆಯದರಲ್ಲಿ ಸಣ್ಣ ನಾಳದೊಳಗೆ ಪ್ಲಾಸ್ಟಿಕ್ ಕರಗದೆ ಉಳಿದು, ಬಿಡಿಸುವಾಗ ನಾಳವೇ ಹರಿಯಿತು. ಮಾರನೆಯ ದಿನವೇ ಮಾದರಿ ಬೇಕಿತ್ತು. ಹೊತ್ತು ಮಧ್ಯಾಹ್ನವಾಗಿತ್ತು, ಕೋಣೆ ಕಾದ ಹೆಂಚಾಗಿತ್ತು.

ಎರಕದಕ್ಕ ಪಕ್ಕದ ಕೋಣೆಗೆ ಹೋಗಿ, ಒಂದು ಗಳಿಗೆ ಕಪಾಟು ಆರಿಸ್ತೀಯೇನಪ್ಪ ಎಂದು ಕೇಳಿದರು. ಬ್ಯಾಟರಿ ಸಂಶೋಧಕ ತಲೆ ತಗ್ಗಿಸಿದ. "ಆಗಲ್ಲಕ್ಕ. ಈಗ ನಿಲ್ಸಿದ್ರೆ ನಾಲ್ಕು ತಿಂಗಳಿನ ಕೆಲಸ ಮಣ್ಣುಪಾಲಾಗತ್ತೆ."

ಎರಕದಕ್ಕ ಒತ್ತಾಯ ಮಾಡಲಿಲ್ಲ. "ಅವನ ಕಷ್ಟ ಅವನಿಗೆ," ಎಂದುಕೊಂಡು ಮನೆಗೆ ಫೋನು ಮಾಡಿದರು. ಮಲಗಿದ್ದ ಗಂಡ ಎದ್ದು, ಮೀನಿನಂಗಡಿಯಿಂದ ಎರಡು ಚೀಲ ಐಸು ಹೊತ್ತು ತಂದರು. ಪಾತ್ರೆಯ ಸುತ್ತ, ಅಚ್ಚಿನ ಸುತ್ತ ಐಸು ಒಟ್ಟಿ, ಕರಗಿದಂತೆಲ್ಲ ನೀರು ಬಸಿದು ಮತ್ತೆ ತುಂಬುತ್ತ ಸಂಜೆಯವರೆಗೂ ನಿಂತರು. ಹೆಂಡತಿ ದಾರದಷ್ಟು ಸಣ್ಣ ಧಾರೆಯಲ್ಲಿ ಹೊಯ್ಯುತ್ತ ಹೋದರು. "ಅಷ್ಟು ಹೊತ್ತು ಇಬ್ರೂ ಒಂದೇ ಕಡೆ ನಿಂತಿದ್ದು ಮದುವೆ ದಿನ ಬಿಟ್ರೆ ಅವತ್ತೇ," ಎಂದು ಎರಕದಕ್ಕ ಈಗ ನೆನೆಯುತ್ತಾರೆ. ಗಂಡ ಅಲ್ಲಿಂದಲೇ ನೇರ ಗೋದಾಮಿಗೆ ಹೋದರು, ನಿದ್ದೆಗೆಟ್ಟು.

ಮರುದಿನ ಬೆಳಿಗ್ಗೆ ಬಿಡಿಸಿದ ಹೃದಯದಲ್ಲಿ ಹುಡುಕಿದರೂ ಗುಳ್ಳೆ ಇರಲಿಲ್ಲ. ಶಸ್ತ್ರವೈದ್ಯೆ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಪ್ರಯೋಗಾಲಯದ ಮುಖ್ಯಸ್ಥರಾದ ಪ್ರೊಫೆಸರಿಗೆ ಕೈಮುಗಿದು ಹೊರಟರು.

ಅಷ್ಟೇ. ಮುಂದೇನಾಯಿತೋ ಗೊತ್ತಿಲ್ಲ. ಎರಕದಕ್ಕ ವಾರ ಬಿಟ್ಟು ಪ್ರೊಫೆಸರನ್ನು ಕೇಳಿದರು. "ವಿಚಾರಿಸ್ತೀನಮ್ಮ," ಎಂದ ಅವರು ಕೆಲಸದ ಗಡಿಬಿಡಿಯಲ್ಲಿ ಮರೆತರು. ಮತ್ತೆ ಕೇಳಿದಾಗ ಆಸ್ಪತ್ರೆಗೆ ಫೋನು ಮಾಡಿದರು. ರೋಗಿಯ ವಿಷಯ ಹೊರಗಿನವರಿಗೆ ಹೇಳುವಂತಿಲ್ಲ, ಅದು ನಿಯಮ ಎಂಬ ಉತ್ತರ ಬಂತು.

"ನಿಯಮ ಸರಿಯೇ ಇರ್ಬಹುದು. ತಪ್ಪು ಅನ್ನಲ್ಲ," ಎನ್ನುತ್ತಾರೆ ಎರಕದಕ್ಕ, ಕೈಗವಸು ಕಳಚುತ್ತ. ಬೆರಳ ತುದಿಗಳು ಬೆವರಲ್ಲಿ ನೆಂದು ಸುಕ್ಕುಗಟ್ಟಿವೆ. "ಆದ್ರೆ ಆ ಮಗೂನ ಹೃದಯದ ಒಳಗೆಲ್ಲ ಬೆರಳಾಡಿಸಿದೋಳು ನಾನು. ನಾನು ಹೊರಗಿನೋಳಂತೆ."

ಪತ್ರಿಕೆಗೆ ಒಂದು ಫೋಟೊ ಎಂದರೆ ಬೇಡವೆನ್ನುತ್ತಾರೆ. ಸ್ಟೂಲು ಎಳೆದುಕೊಂಡು, ಬೆಳಗಿನಿಂದ ಮೊದಲ ಸಲ ಕೂರುತ್ತಾರೆ.

"ಬರೆಯೋದಾದ್ರೆ ಇಷ್ಟು ಬರೀರಿ. ಅವರ ಮನೇಲಿ ಯಾರಾದ್ರೂ ಇದನ್ನ ಓದಿದ್ರೆ, ಮಗು ಓಡಾಡ್ಕೊಂಡಿದೆ ಅಂತ ಒಂದು ಮಾತು ಹೇಳಿ ಕಳಿಸ್ಲಿ. ಇಲ್ಲ, ಉಳೀಲಿಲ್ಲ ಅಂದ್ರೆ... ಆಗ್ಲೂ ಹೇಳ್ಲಿ. ಅಳೋದಾದ್ರೆ ಒಂದ್ಸಲ ಅತ್ತು ಮುಗಿಸ್ತೀನಿ."