ಭಕ್ತಪುರದ ಓಣಿಯ ಅರಿಶಿನದ ಬಾಗಿಲು

ಹೊಳಲ್ಕೆರೆಯ ನಿಂಗಕ್ಕನಿಗೆ ಬಾಗಿಲು ಕಂಡರೆ ಬಾಗುವುದು ಹಳೇ ಅಭ್ಯಾಸ. ಗಂಡ ಈರಬಸಪ್ಪ ಗಾರೆ ಮೇಸ್ತ್ರಿ. ಅವನು ಹೊಸ ಮನೆಯ ಬಾಗಿಲ ಚೌಕಟ್ಟು ನಿಲ್ಲಿಸಿ, ತೂಗುಗುಂಡು ಬಿಟ್ಟು ನೋಡಿ 'ಹ್ಞೂಂ' ಅಂದ ಮೇಲೆ ಅದಕ್ಕೆ ಮೊದಲ ಅರಿಶಿನ ಹಚ್ಚುವ ಕೈ ನಿಂಗಕ್ಕನದು. ಮನೆಯೊಡತಿಯ ಸರದಿ ಆಮೇಲೆ. ನಿಂಗಕ್ಕನ ಕೈಗುಣ ಒಳ್ಳೆಯದು ಎಂದು ಊರಿಗೇ ನಂಬಿಕೆ. ಆ ಕೈ ತಾಗಿದ ಮನೆಗಳಲ್ಲಿ ಜಗಳ ಆಗಿಲ್ಲವೆಂದಲ್ಲ. ಆದದ್ದೆಲ್ಲ ಬಾಗಿಲು ಹಾಕಿಕೊಂಡೇ ಆಗಿದೆ.

ಹೋದ ವರ್ಷ ಎದೆನೋವೆಂದು ಮಲಗಿದ ಈರಬಸಪ್ಪ ಏಳಲಿಲ್ಲ. ಊರಲ್ಲಿ ಮನೆಗಳು ಮಾತ್ರ ಏಳುತ್ತಲೇ ಇವೆ. ನಿಂಗಕ್ಕನಿಗೆ ಯಾರೂ ಬರಬೇಡ ಎಂದು ಹೇಳಿಲ್ಲ. ಕರೆಯುವುದನ್ನು ಮರೆತಿದ್ದಾರೆ, ಎಲ್ಲರೂ ಒಟ್ಟಿಗೆ.

ಪಕ್ಕದ ಮನೆಯ ಸ್ವಾತಿಯೂ ಹೊಸ ಮನೆ ಕಟ್ಟಿಸುತ್ತಿದ್ದಳು. ಇಬ್ಬರೂ ಸೇರಿ ಹೊರಟಿದ್ದ ನೇಪಾಳ ಯಾತ್ರೆ ಮುಗಿಸಿ ಬಂದ ಮೇಲಿನ ಮೊದಲ ಶುಕ್ರವಾರ ಅವಳ ಬಾಗಿಲು ನಿಲ್ಲಿಸುವುದು. ರೈಲಿನಲ್ಲಿ ಟೈಲ್ಸಿನ ಬಣ್ಣ, ಸಂಪಿನ ಆಳ ಎಲ್ಲ ವರದಿ ಒಪ್ಪಿಸಿದ ಸ್ವಾತಿ, ಬಾಗಿಲಿನ ಮಾತು ಬಂದಾಗ ಮಾತ್ರ ಕಿಟಕಿಯ ಕಡೆ ತಿರುಗುತ್ತಿದ್ದಳು. ನಿಂಗಕ್ಕ ಕೇಳಲಿಲ್ಲ. ಕೇಳಿ ಹಾಕಿಸಿಕೊಳ್ಳುವುದಕ್ಕೆ ಅದೇನು ಎರಡನೇ ಸಲದ ಸಾರೇ?

ಯಾತ್ರೆಯ ತಂಡದ ಮುಖಂಡರು ಪಂಚಾಕ್ಷರಪ್ಪ. ಹೆಸರಿಗೆ ಐದೇ ಅಕ್ಷರ, ಮಾತಿಗೆ ಇಡೀ ವರ್ಣಮಾಲೆ ಸಾಲದು. ಗೈಡ್ ಥಾಪಾ ಬೆಂಗಳೂರಿನ ಹೋಟೆಲಿನಲ್ಲಿ ದೋಸೆ ಹುಯ್ಯುತ್ತ ಕನ್ನಡ ಕಲಿತವನು. ಕರ್ನಾಟಕದ ಯಾತ್ರಿಗಳೆಲ್ಲ ಅವನ ಪಾಲಿಗೇ.

ಕಠ್ಮಂಡು ಪಕ್ಕದ ಭಕ್ತಪುರಕ್ಕೆ ಬಂದಾಗ ಬೆಳಗಿನ ಬಿಸಿಲು. ಭೂಕಂಪವಾಗಿ ಹತ್ತು ವರ್ಷ ಕಳೆದರೂ ಅಲ್ಲಿನ ಓಣಿಗಳು ಇನ್ನೂ ಎದ್ದು ಕೂರುತ್ತಿದ್ದವು. ಒಂದು ಕಡೆ ಹೊಚ್ಚಹೊಸ ಗುಡಿ, ಪಕ್ಕದಲ್ಲಿ ಮರದ ಊರುಗೋಲು ಹಿಡಿದು ನಿಂತ ಹಳೇ ಮನೆ, ಅದರಾಚೆ ಇಟ್ಟಿಗೆ ರಾಶಿಯ ಮೇಲೆ ಒಣಗಲು ಹಾಕಿದ ಮೆಣಸಿನಕಾಯಿ.

"ನಮ್ಮ ದುರ್ಗದ ಕೋಟೆ ನೋಡ್ರಿ, ಭೂಮಿ ನಡುಗಿದ್ರೂ ಅದು ನಡುಗಲ್ಲ," ಅಂದರು ಪಂಚಾಕ್ಷರಪ್ಪ.

"ಮೆಟ್ಲು ಹತ್ತಿದ್ರೆ ನಿಮ್ ಕಾಲೇ ನಡುಗ್ತಾವಲ್ಲ ಚಿಗಪ್ಪ," ಅಂದಳು ಸ್ವಾತಿ.

ಓಣಿಯ ತಿರುವಿನಲ್ಲಿ ಒಂದು ಬಾಗಿಲ ಚೌಕಟ್ಟು ಒಂಟಿಯಾಗಿ ನಿಂತಿತ್ತು. ಸುತ್ತ ಗೋಡೆ ಮೊಣಕಾಲೆತ್ತರ. ಅರಿಶಿನವಿಲ್ಲ, ಕುಂಕುಮವಿಲ್ಲ, ಒಂದು ಎಲೆಯೂ ಇಲ್ಲ. ನಿಂಗಕ್ಕನ ತಲೆ ಏನೂ ಯೋಚಿಸಲಿಲ್ಲ. ಕೈ ಚೀಲಕ್ಕೆ ಹೋಯಿತು. ಗುಡಿಗೆಂದು ತಂದಿದ್ದ ಅರಿಶಿನವನ್ನು ಬಾಟಲಿಯ ನೀರಲ್ಲಿ ಕಲಸಿ ಹೊಸ್ತಿಲಿಗೆ ಬಳಿದಳು. ಎಡಗಂಬಕ್ಕೆ ಹಚ್ಚಿ ಕುಂಕುಮದ ಬೊಟ್ಟಿಡುವಾಗ ಮಾತ್ರ ಈರಬಸಪ್ಪ ಇಲ್ಲವೆಂಬುದು ನೆನಪಾಯಿತು. ಬೆರಳು ಅಲ್ಲೇ ನಿಂತಿತು.

ಅಷ್ಟರಲ್ಲಿ ಬಡಗಿ ಕೂಗಿಕೊಂಡು ಬಂದ. ಹಿಂದಿನ ತಗಡಿನ ಶೆಡ್ಡಿನಿಂದ ನಿಂಗಕ್ಕನದೇ ವಯಸ್ಸಿನ ಹೆಂಗಸೊಬ್ಬಳು ಕೈ ಒರೆಸಿಕೊಳ್ಳುತ್ತ ಹೊರಬಂದಳು.

"ಇದು ಬರೀ ಅಳತೆಗೆ ನಿಲ್ಸಿದ್ದಂತೆ ಅಮ್ಮ," ಅಂದ ಥಾಪಾ. "ಇವತ್ತು ಇಳಿಸ್ಬೇಕು, ಪೂಜೆ ನಾಡಿದ್ದು. ಹಚ್ಚಿದ್ದು ಯಾರು ಅಂತ ಮನೆಯವ್ರು ಕೇಳ್ತಾರೆ."

"ಇಂಡಿಯಾದಿಂದ ಬಂದ ಭಕ್ತರು ಅಂತ ಹೇಳಿ ಮುಗಿಸಪ್ಪ," ಅಂದರು ಪಂಚಾಕ್ಷರಪ್ಪ. "ಪಶುಪತಿ ಗುಡಿ ಬಾಗ್ಲು ಹಾಕಿಬಿಡ್ತಾರೆ. ಹೋಗಾಣ ನಡೀರಿ."

ನಿಂಗಕ್ಕ ಕದಲಲಿಲ್ಲ. "ನಾನೇ ಹಚ್ಚಿದ್ದು. ತಪ್ಪಾತು. ನನಗೆ ಯಜಮಾನ್ರಿಲ್ಲ ಅಂತ್ಲೂ ಹೇಳಪ್ಪ. ಒಂದು ಚೊಂಬು ನೀರು ಕೊಡ್ಲಿ, ತೊಳೆದು ಹೋಗ್ತೀನಿ."

ಸ್ವಾತಿ ಅವಳ ಸೆರಗು ಜಗ್ಗಿದಳು. "ಅದನ್ಯಾಕೆ ಹೇಳ್ತೀಯಕ್ಕ? ಅವ್ರಿಗೇನು ಗೊತ್ತಾಗುತ್ತೆ?"

"ಬಾಗ್ಲು ಅವರದು ಕಣೇ. ಗೊತ್ತಾಗ್ಬೇಕು."

ಥಾಪಾ ಹೇಳಿದ. ಆ ಹೆಂಗಸು ಓಣಿಯ ಉದ್ದಕ್ಕೂ ಕೈ ತೋರಿಸುತ್ತ ನಿಧಾನವಾಗಿ ಏನೋ ಅಂದಳು. ಕೊನೆಯಲ್ಲಿ ಸಣ್ಣಗೆ ನಕ್ಕಳು. ಥಾಪಾನಿಗೆ ಕನ್ನಡ ಹೊಂದಿಸಿಕೊಳ್ಳಲು ಹೊತ್ತು ಹಿಡಿಯಿತು.

"ಆ ಹಸಿರು ಬಾಗಿಲಿನ ಅಮ್ಮನಿಗೂ ಗಂಡ ಇಲ್ಲ. ಎದುರು ಮನೆಯವ್ರಿಗೂ ಇಲ್ಲ. ಇವರ ಯಜಮಾನ್ರೂ ಭೂಕಂಪದಲ್ಲೇ ಹೋದ್ರು. ಗಂಡ ಇರೋರೇ ಹಚ್ಬೇಕು ಅಂದ್ರೆ ಈ ಓಣಿಗೆ ಬಾಗಿಲೇ ಬರ್ತಿರ್ಲಿಲ್ಲ ಅಂತಾರೆ." ಆಮೇಲೆ ಸೇರಿಸಿದ, "ಬಲಗಡೆ ಯಾಕೆ ಬಿಟ್ರಿ ಅಂತಾನೂ ಕೇಳ್ತಾರೆ."

ನಿಂಗಕ್ಕ ಬಲಗಂಬಕ್ಕೂ ಹಚ್ಚಿದಳು. ಮೇಲಿನ ಪಟ್ಟಿ ಎಟುಕದಿದ್ದಾಗ ಮನೆಯೊಡತಿಯೇ ಇಟ್ಟಿಗೆ ತಂದು ಕಾಲಡಿ ಒಟ್ಟಿದಳು. ನಾಡಿದ್ದಿನ ಪೂಜೆ ಇವತ್ತೇ ಆದದ್ದು ಕಂಡು ಬಡಗಿ ಚೌಕಟ್ಟು ಇಳಿಸುವುದು ಬಿಟ್ಟು, ಸುತ್ತಿಗೆ ಕೆಳಗಿಟ್ಟು ಬೀಡಿ ಹಚ್ಚಿದ. ಹೇಗೂ ಅವನ ಅಳತೆ ಸರಿಯಾಗೇ ಇತ್ತು.

ಬಸ್ಸಿನ ಸೀಟಿನಲ್ಲಿ ಕೂತ ಮೇಲೆ ಸ್ವಾತಿ ಕೇಳಿದಳು, "ಅಕ್ಕಾ, ಅರಿಶಿನ ಪೂರಾ ಖಾಲಿ ಆತಾ?"

"ಪೂರಾ ಅಲ್ಲೇ ಆತು."

"ನಾನು ಹೊಸ ಪೊಟ್ಟಣ ತರ್ತೀನಿ. ಶುಕ್ರವಾರ ಬೆಳಿಗ್ಗೆ ಬೇಗ ಬಂದ್ಬಿಡು, ನೀನೇ ಹಚ್ಚು."

ನಿಂಗಕ್ಕ ಅವಳ ಮುಖ ನೋಡಿದಳು. "ನಿಮ್ಮತ್ತೆ ಏನಂತಾರೆ?"

"ಏನಾದ್ರೂ ಅನ್ಲಿ. ಬಾಗ್ಲು ನಂದು."

ಮುಂದಿನ ಸೀಟಿನಿಂದ ಪಂಚಾಕ್ಷರಪ್ಪ ನೀರಿನ ಬಾಟಲಿ ಚಾಚಿದರು. "ಕೈಯೆಲ್ಲಾ ಹಳದಿ ಆಗ್ಯಾವೆ, ತೊಳ್ಕಳ್ರಿ ನಿಂಗಕ್ಕ. ದೇವಸ್ಥಾನಕ್ಕೆ ಹೋಗೋದೈತೆ."

ನಿಂಗಕ್ಕ ಬಾಟಲಿ ಎತ್ತಿ ಗಟಗಟ ನೀರು ಕುಡಿದು, ಮುಚ್ಚಳ ಹಾಕಿ ವಾಪಸ್ ಕೊಟ್ಟಳು.