ಪರಿಮಳಾ ಅಳೆದ ನಲವತ್ತು ಶಾಫ್ಟುಗಳು

ಪರಿಮಳಾ ವಜ್ರಳ್ಳಿಯವಳು. ಡಿಪ್ಲೊಮಾ ಮುಗಿಸಿ ೨೦೦೧ರಲ್ಲಿ ಶಿರಸಿಯ ನಮ್ಮ ವರ್ಕ್‌ಶಾಪಿಗೆ ಅಳತೆಯ ಕೆಲಸಕ್ಕೆ ಬಂದಳು. ನಾನು ಅಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಮೂವತ್ತು ಗಂಡಸರ ನಡುವೆ ಒಬ್ಬಳೇ ಹುಡುಗಿ, ಹೆಚ್ಚು ದಿನ ನಿಲ್ಲಲಾರಳು ಎಂದು ಮಾತಾಡಿಕೊಂಡೆವು. ಮೂರು ತಿಂಗಳಿಗೆ ಅವಳನ್ನು ಕಂಡರೆ ಹೆದರುವವರು ನಾವೇ ಆದೆವು. ಚಹಾದ ಲೋಟ ಕೈಗೆ ಕೊಟ್ಟರೆ, ನಿನ್ನೆಗಿಂತ ಅರ್ಧ ಬೆರಳು ಕಡಿಮೆ ಎನ್ನುವಳು. ಅದು ನಿಜವೂ ಆಗಿರುತ್ತಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಎರಡು ವರ್ಷದ ಮೇಲೆ ಮಾಲೀಕರಾದ ಕಮಲಾಕರ ಹೆಗಡೆಯವರು ಸಿಎಂಎಂ ಎಂಬ ಅಳತೆಯ ಯಂತ್ರವೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದರು. ಕಲ್ಲಿನ ಮೇಜು, ಮೇಲಿಂದ ಇಳಿಯುವ ಸಣ್ಣ ಕೆಂಪು ಗುಂಡಿನ ಕಡ್ಡಿ. ಆ ಗುಂಡು ವಸ್ತುವನ್ನು ಮುಟ್ಟಿದಲ್ಲೆಲ್ಲ ಕಂಪ್ಯೂಟರ್ ಗುರುತು ಹಾಕಿಕೊಳ್ಳುತ್ತದೆ. ಅದಕ್ಕೊಂದು ಗಾಜಿನ ಕೋಣೆ, ಕೋಣೆಗೊಂದು ಏಸಿ. ಬೇಸಿಗೆಯಲ್ಲಿ ನಮಗೆಲ್ಲ ಅಳತೆಯ ಬಗ್ಗೆ ವಿಪರೀತ ಆಸಕ್ತಿ ಹುಟ್ಟಿತು.

ಬಂದವರಿಗೆಲ್ಲ ಪರಿಮಳಾ ಬೇಸರವಿಲ್ಲದೆ ಹೇಳುವಳು: ಚೌಕ ವಸ್ತುವಿಗೆ ಮೂಲೆ ಇದೆ, ಅಲ್ಲಿಂದ ಅಳೆಯಬಹುದು. ಸರಳಿನ ಹಾಗೆ ಉರುಟಾದ ಶಾಫ್ಟಿಗೆ ಮೂಲೆ ಎಲ್ಲಿ? ಒಂದು ತುದಿಯಲ್ಲಿ ನಾಲ್ಕು ಕಡೆ ಮುಟ್ಟಿ ಒಂದು ವೃತ್ತ ಹಿಡಿಯಬೇಕು, ಇನ್ನೊಂದು ತುದಿಯಲ್ಲಿ ಇನ್ನೊಂದು. ಎರಡರ ನಡುಬಿಂದುಗಳನ್ನು ಕೂಡಿಸಿದರೆ ಶಾಫ್ಟಿನ ಅಕ್ಷ ಸಿಗುತ್ತದೆ. ಉಳಿದ ಅಳತೆಯೆಲ್ಲ ಆ ಗೆರೆಯಿಂದಲೇ.

ಆ ವರ್ಷ ಪುಣೆಯ ಗಿರಾಕಿಯೊಬ್ಬರ ನಲವತ್ತು ಶಾಫ್ಟುಗಳ ಕೆಲಸ ಬಂತು. ತುದಿಯಲ್ಲೊಂದು ಅಗಲ ಬಿಲ್ಲೆ. ಬಿಲ್ಲೆಯ ಮುಖ ಅಕ್ಷಕ್ಕೆ ನೇರ ಅಡ್ಡಲಾಗಿರಬೇಕು. ಲೇತಿನಲ್ಲಿ ಕಡೆದವನು ಹಾವೇರಿ ಕಡೆಯ ಅಂದಾನಪ್ಪ, ಐವತ್ತೆರಡು ವರ್ಷದವನು. ಪರಿಮಳಾ ಅಳೆದಳು. ನಲವತ್ತೂ ಓರೆ.

“ನಂದ ಲೇತ್ ಸರಿ ಐತ್ರಿ ಮೇಡಂ,” ಎಂದ ಅಂದಾನಪ್ಪ. ಶಾಫ್ಟನ್ನು ಲೇತಿನ ಎರಡು ಮೊನೆಗಳ ನಡುವೆ ಹಿಡಿದು ತಿರುಗಿಸಿ, ಓರೆಯಿದ್ದರೆ ಮುಳ್ಳು ಅಲ್ಲಾಡುವ ಡಯಲನ್ನು ಬಿಲ್ಲೆಗೆ ತಾಗಿಸಿ ತೋರಿಸಿದ. “ನೀವ ನೋಡ್ರಿ, ಮುಳ್ಳ ಅಲ್ಲಾಡವಲ್ದು.”

“ನಿಮ್ಮ ಡಯಲ್ ಹಳೇದು ಅಂದಾನಪ್ಪಣ್ಣ. ಮಷೀನ್ ಸುಳ್ಳು ಹೇಳೂದಿಲ್ಲ,” ಎಂದಳು ಪರಿಮಳಾ.

ಮರುದಿನದಿಂದ ಅಂದಾನಪ್ಪ ಊಟದ ಹೊತ್ತಿನಲ್ಲಿ ಗುಜರಿ ಸರಳುಗಳನ್ನು ಹಿಡಿದು ಕಡೆಯುವುದು ಕಲಿಯತೊಡಗಿದ, ಮೂವತ್ತು ವರ್ಷ ಅದೇ ಕೆಲಸ ಮಾಡಿದವನು. ನನಗೆ ನೋಡಲಾಗುತ್ತಿರಲಿಲ್ಲ. ಅಷ್ಟರಲ್ಲಿ ಹೆಗಡೆಯವರು ತೀರ್ಮಾನ ಮಾಡಿಯಾಗಿತ್ತು: ಶನಿವಾರ ಅಂದಾನಪ್ಪನ ಕೊನೆಯ ದಿನ.

ಶುಕ್ರವಾರ ಅವನು ತನ್ನ ಉಳಿಗಳನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿಡುವುದನ್ನು ಗಾಜಿನಾಚೆಯಿಂದ ಪರಿಮಳಾ ನೋಡಿದಳು. ಅಲ್ಲಾಡದ ಆ ಮುಳ್ಳು ಅವಳ ತಲೆಯಿಂದ ಹೋಗಿರಲಿಲ್ಲ. ಒಂದು ಶಾಫ್ಟು ತೆಗೆದುಕೊಂಡು ಎರಡೂ ತುದಿಗಳನ್ನು ಹೊಸದಾಗಿ ಮುಟ್ಟಿ ಅಳೆದಳು. ಸರಿಯಿತ್ತು. ಇನ್ನೊಂದು, ಮತ್ತೊಂದು, ಎಲ್ಲ ಸರಿ.

ಆದದ್ದು ಇಷ್ಟು. ಆಗಾಗ ಕರೆಂಟು ಹೋಗಿ ಎಲ್ಲ ಮೊದಲಿಂದ ಮಾಡಬೇಕಾಗುತ್ತಿದ್ದುದರಿಂದ, ಈ ನಲವತ್ತಕ್ಕಿಂತ ಮುಂಚೆ ಕಡೆದಿದ್ದ ಮಾದರಿ ತುಂಡಿಗೆ ಹಿಡಿದ ಅಕ್ಷವನ್ನೇ ಕಂಪ್ಯೂಟರಿನಲ್ಲಿ ಉಳಿಸಿಕೊಂಡು ನಲವತ್ತಕ್ಕೂ ಅದನ್ನೇ ಬಳಸಿದ್ದಳು. ಶಾಫ್ಟು ಕೂರುವ ಕಬ್ಬಿಣದ ಕಚ್ಚು ಅದೇ ಇದ್ದಮೇಲೆ ಅಕ್ಷವೂ ಅದೇ ಎಂಬ ಲೆಕ್ಕ. ಆದರೆ ನಡುವೆ ಆಯುಧಪೂಜೆ ಬಂದಿತ್ತು. ಕೋಣೆಯ ಸಾಮಾನಿಗೆಲ್ಲ ಗಂಧ ಹಚ್ಚಿದವಳು ಅವಳೇ, ಪ್ರೀತಿಯಿಂದ, ಧಾರಾಳವಾಗಿ. ಪೂಜೆಯ ಗಂಧವನ್ನು ನಮ್ಮಲ್ಲಿ ಯಾರೂ ಒರೆಸುವುದಿಲ್ಲ, ತಾನಾಗಿ ಉದುರಬೇಕು. ಕಚ್ಚಿನ ಒಂದು ತುದಿಯೊಳಗೆ ಅದು ಇಳಿದು ಒಣಗಿ ಕೂತಿತ್ತು. ಕೂದಲೆಳೆಯಷ್ಟೂ ಇರಲಿಲ್ಲ. ಶಾಫ್ಟುಗಳು ಅದರ ಮೇಲೆ ಒಂದು ಕಡೆ ಎದ್ದು ಮಲಗಿದ್ದವು.

ಯಾರಿಗೂ ತಿಳಿಯದ ಹಾಗೆ ಒರೆಸಿ, ಹೊಸ ವರದಿ ತೆಗೆದು, ಈಗ ಸರಿಯಾಯಿತು ಎಂದು ಬಿಡಬಹುದಿತ್ತು. ನಾನಾಗಿದ್ದರೆ ಹಾಗೇ ಮಾಡುತ್ತಿದ್ದೆ. ಅವಳು ಹೆಗಡೆಯವರನ್ನು ಲೇತಿನ ಹತ್ತಿರಕ್ಕೇ ಕರೆತಂದಳು.

“ತಪ್ಪು ಅವ್ರದ್ದಲ್ಲ, ಎನ್ನದು. ಆನು ಅಕ್ಷ ಹೊಸದಾಗಿ ಹಿಡದ್ನಿಲ್ಲೆ,” ಎಂದಳು ಹೆಗಡೆಯವರಿಗೆ ಮನೆಮಾತಿನಲ್ಲಿ, ಎಲ್ಲರೆದುರಿಗೆ. ಅಂದಾನಪ್ಪನ ಕಡೆ ತಿರುಗಿ ಎಲ್ಲವನ್ನೂ ಬಿಡಿಸಿ ಹೇಳುವಾಗ ಅತ್ತೇಬಿಟ್ಟಳು. ಹೆಗಡೆಯವರು ಉಳಿ ಬಿಚ್ಚಿಡಲು ಅಂದಾನಪ್ಪನಿಗೆ ಕೈಸನ್ನೆ ಮಾಡಿ ಹೊರಟುಹೋದರು.

ಅಂದಾನಪ್ಪ ಉಳಿ ಬಿಚ್ಚಲಿಲ್ಲ.

“ಮೇಡಂ, ಈಗ ಹೇಳಿದ್ದನ್ನ ಒಂದ್ ಹಾಳ್ಯಾಗ ಬರದ್ ಕೊಡ್ರಿ,” ಎಂದ. “ನನ್ನ ಕೈಯಾಗಿನ ಕಸಬು ಹೋತು ಅಂತ ಮನ್ಯಾಗ ಹೇಳೀನಿ.”

ಪರಿಮಳಾ ಅಲ್ಲೇ, ಲೇತಿನ ಮೇಲೆ ಹಾಳೆ ಇಟ್ಟುಕೊಂಡು ಬರೆದಳು: ನಲವತ್ತು ಶಾಫ್ಟುಗಳೂ ಸರಿಯಾಗಿವೆ, ತಪ್ಪು ಅಳೆದವಳದು. ಕೆಳಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು. ಅಂದಾನಪ್ಪ ಎರಡು ಸಲ ಓದಿದ. ಎಣ್ಣೆ ತಾಗದ ಹಾಗೆ ಅದನ್ನು ಊಟದ ಡಬ್ಬಿಯೊಳಗೆ ಇಟ್ಟು ಮುಚ್ಚಿದ.